ಹಳತಾಗೋದಕ್ಕೂ ಒಂದು ಹದ ಇದೆ

ಇಪ್ಪತ್ತು ವರ್ಷ ಬಳಸಿದ ಮೇಲೆ ಇವತ್ತಿಗಿಂತ ಚೆನ್ನಾಗಿ ಕಾಣುವ ವಸ್ತು ನಿಮ್ಮ ಹತ್ರ ಏನಿದೆ? ಫೋನು, ಲ್ಯಾಪ್‌ಟಾಪು, ಕಾರು ಎಲ್ಲವೂ ಡಬ್ಬಿ ಒಡೆದ ದಿನ ಚೆನ್ನಾಗಿರುತ್ತವೆ, ಮಾರನೇ ದಿನದಿಂದ ಇಳಿಮುಖ. ಇದಕ್ಕೆ ಉಲ್ಟಾ ನಡೆಯುವ ಕೆಲವೇ ವಸ್ತುಗಳಲ್ಲಿ ಒಳ್ಳೆಯ ಚರ್ಮದ ಜಾಕೆಟ್ ಒಂದು. ಹಳೇ ಕಾಲದ ಮಾದರಿಯ ಒಂದು ಜಾಕೆಟ್ ಕೊಳ್ಳೋಣ ಅಂತ ಮೂರು ತಿಂಗಳಿಂದ ನೋಡ್ತಾ ಇದ್ದೀನಿ. ಯಾವ ಚರ್ಮ ಚೆನ್ನಾಗಿ ಹಳತಾಗುತ್ತೆ ಅಂತ ಹುಡುಕಲು ಹೋದರೆ, ಯಾವ ಚರ್ಮ ತೊಡುವುದು ಸರಿ ಅನ್ನೋ ಪ್ರಶ್ನೆಯೂ ಹಿಂದೆಯೇ ಬಂದು ನಿಂತಿದೆ.

ನಾವು ‘ವಿಂಟೇಜ್’ ಅಂತ ಕರೆಯುವ ಜಾಕೆಟ್‌ಗಳೆಲ್ಲ ಒಂದು ಕಾಲಕ್ಕೆ ಕೆಲಸದ ಬಟ್ಟೆಗಳು. ನ್ಯೂಯಾರ್ಕಿನ ಷಾಟ್ ಕಂಪನಿ 1928ರಲ್ಲಿ ಮೋಟಾರ್ ಸೈಕಲ್ ಓಡಿಸುವವರಿಗಾಗಿ ‘ಪರ್ಫೆಕ್ಟೊ’ ಹೊಲಿಯಿತು. 1931ರಲ್ಲಿ ಅಮೆರಿಕದ ಸೇನಾ ವಿಮಾನಿಗಳಿಗೆ ‘ಎ-2’ ಜಾಕೆಟ್ ಬಂತು. ಆಗ ಬಹುಪಾಲು ಬಳಸಿದ್ದು ಕುದುರೆ ಚರ್ಮ. ಅದೇನು ಶೋಕಿಗಲ್ಲ. ಹೊಲದಲ್ಲಿ, ಬೀದಿಯಲ್ಲಿ ದುಡಿಯುವ ಕುದುರೆಗಳು ಬೇಕಾದಷ್ಟಿದ್ದವು, ಅವುಗಳ ಚರ್ಮವೂ ಸಿಗುತ್ತಿತ್ತು. ಟ್ರ್ಯಾಕ್ಟರ್ ಬಂತು, ಕುದುರೆ ಹೋಯಿತು, ಚರ್ಮ ದುಬಾರಿಯಾಯಿತು. ನಮ್ಮೂರಲ್ಲಿ ಎತ್ತಿಗೆ ಆಗಿದ್ದೂ ಇದೇ.

ಇವತ್ತು ಕುದುರೆ ಚರ್ಮ ಮುಖ್ಯವಾಗಿ ಕುದುರೆ ಮಾಂಸ ತಿನ್ನುವ ದೇಶಗಳಿಂದ ಬರುತ್ತೆ. ಗಟ್ಟಿ, ಬಿರುಸು. ಮೊದಲ ವರ್ಷ ಹಾಕಿದವರನ್ನೇ ಪಳಗಿಸುತ್ತೆ, ಆಮೇಲೆ ಮೊಣಕೈ ಹತ್ತಿರ ಮಡಿಕೆ ಬಿದ್ದು ಹೊಳೆಯುತ್ತೆ. ದನದ ಚರ್ಮ ದಪ್ಪ, ತೂಕ ಜಾಸ್ತಿ. ಕುರಿ ಚರ್ಮ ಬೆಣ್ಣೆಯ ಹಾಗೆ, ಆದರೆ ಬೇಗ ಹರಿಯುತ್ತೆ. ಮೇಕೆ ಚರ್ಮ ಹಗುರ, ತೆಳ್ಳಗಿದ್ದರೂ ಗಟ್ಟಿ, ಮೇಲೆ ಹರಳು ಹರಳಾದ ಸಹಜ ಮೇಲ್ಮೈ. ಅಮೆರಿಕದ ನೌಕಾಪಡೆ ತನ್ನ ‘ಜಿ-1’ ಜಾಕೆಟ್‌ಗೆ ಆರಿಸಿಕೊಂಡಿದ್ದು ಇದನ್ನೇ. ಬೆಂಗಳೂರಿನ ಚಳಿಗೆ, ಬೈಕಿಗೆ ಇಷ್ಟು ಸಾಕು.

ಆದರೆ ಯಾವ ಪ್ರಾಣಿ ಅನ್ನುವುದಕ್ಕಿಂತ, ಮೇಲೆ ಏನು ಬಳಿದಿದ್ದಾರೆ ಅನ್ನೋದು ಮುಖ್ಯ. ‘ಫುಲ್ ಗ್ರೇನ್’ ಅಂದರೆ ಮೇಲಿನ ಪದರವನ್ನು ಉಜ್ಜದೆ ಹಾಗೇ ಬಿಟ್ಟಿರೋದು. ಉಣ್ಣೆ ಕಚ್ಚಿದ ಗುರುತು, ಮುಳ್ಳು ಗೀರಿದ ಗೆರೆ ಎಲ್ಲ ಕಾಣುತ್ತೆ. ‘ಕರೆಕ್ಟೆಡ್ ಗ್ರೇನ್’ ಅಂದರೆ ಆ ಗುರುತುಗಳನ್ನು ಉಜ್ಜಿ ತೆಗೆದು, ಬಣ್ಣದ ಪದರ ಹೊದಿಸಿ, ಮೇಲೆ ನಕಲಿ ಮೇಲ್ಮೈ ಒತ್ತಿರೋದು. ಅಂಗಡಿಯಲ್ಲಿ ಇದೇ ಜಾಸ್ತಿ ಚೆಂದ ಕಾಣುತ್ತೆ. ಐದು ವರ್ಷದ ಮೇಲೆ ಮೊದಲನೆಯದು ಬಣ್ಣ ಆಳವಾಗಿ ಮಾಗಿರುತ್ತೆ, ಎರಡನೆಯದರ ಬಣ್ಣದ ಪದರ ಬಿರುಕು ಬಿಟ್ಟಿರುತ್ತೆ. ‘ಜೆನ್ಯೂಯಿನ್ ಲೆದರ್’ ಅನ್ನೋ ಚೀಟಿಯಿಂದ ಗೊತ್ತಾಗೋದು ಅದು ಚರ್ಮ ಅನ್ನೋದಷ್ಟೇ. ಎಂಥ ಚರ್ಮ ಅನ್ನೋದು ಅದರಲ್ಲಿರಲ್ಲ.

ಇನ್ನೊಂದು ಬಗೆ ಇದೆ, ಕಾರ್ಖಾನೆಯಲ್ಲೇ ಉಜ್ಜಿ, ಸವೆಸಿ, ಹಳತು ಮಾಡಿ ಮಾರುವ ಜಾಕೆಟ್. ಇದನ್ನು ಕಂಡಾಗ ನನಗೆ ಕಸಿವಿಸಿ ಆಗುತ್ತೆ. ನಮ್ಮೂರಲ್ಲಿ ಸವೆದ ಬಟ್ಟೆಯನ್ನು ನೆಂಟರು ಬಂದಾಗ ಮರೆಮಾಡ್ತಿದ್ದರು. ಅಪ್ಪನ ಮೆಟ್ಟು ಕಾಲಿನ ಅಚ್ಚಿಗೆ ಸರಿಯಾಗಿ ಕಪ್ಪಾಗಿದ್ದದ್ದು ಅಭಿರುಚಿಯಿಂದಲ್ಲ, ಇನ್ನೊಂದು ಜೊತೆ ಇರಲಿಲ್ಲ ಅಂತ. ಆ ಸವಕಲನ್ನೇ ನಾವೀಗ ದುಡ್ಡು ಕೊಟ್ಟು ತರುತ್ತೇವೆ. ಹಳತನ್ನು ಇಷ್ಟಪಡೋದು ತಪ್ಪಲ್ಲ. ಆದರೆ ಬದುಕದೇ ಇದ್ದ ಬದುಕಿನ ಗುರುತು ಕೊಳ್ಳೋದು ಒಂಥರಾ ಸುಳ್ಳು ರೆಸ್ಯೂಮೆ. ಮಾಡದ ಕೆಲಸದ ಅನುಭವ ಬರೆದುಕೊಂಡ ಹಾಗೆ.

ಚರ್ಮವನ್ನು ಬಾಳುವಂತೆ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ‘ಹದ ಮಾಡುವುದು’ ಅಂತೀವಿ. ಮಳೆ ಬಿದ್ದ ಹೊಲಕ್ಕೂ, ಬೆಲ್ಲದ ಪಾಕಕ್ಕೂ ಇದೇ ಮಾತು. ತಂಗಡಿ ಚಕ್ಕೆ, ಅಳಲೆಕಾಯಿ ನೀರಲ್ಲಿ ವಾರಗಟ್ಟಲೆ ನೆನೆಸಿ ಚರ್ಮವನ್ನು ಹದಕ್ಕೆ ತರುವ ವಿದ್ಯೆ ದಕ್ಷಿಣ ಭಾರತದ್ದು. ಈ ವಿದ್ಯೆ ಗೊತ್ತಿದ್ದವರನ್ನು ನಾವು ಎಲ್ಲಿಟ್ಟಿದ್ದೆವು? ಊರಾಚೆ. ನಮ್ಮ ಮನೆ ಊರೊಳಗಿತ್ತು. ಕಪಿಲೆಯ ಬಾನಿ, ನೊಗದ ಮಿಣಿ, ಹಬ್ಬದ ತಮಟೆ, ಕಾಲಿನ ಮೆಟ್ಟು ಎಲ್ಲ ಕೇರಿಯಿಂದ ಬರ್ತಿದ್ದವು, ಮಾಡಿದವರು ಮಾತ್ರ ಜಗಲಿ ಹತ್ತುವಂತಿರಲಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಮಾಡಿದ ಪಾದರಕ್ಷೆಯ ಕಥೆಯನ್ನು ಭಕ್ತಿಯಿಂದ ಹೇಳ್ತೀವಿ. ಅದೇ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸರ ಮಗಳನ್ನು ಕೊಟ್ಟಾಗ ಕಲ್ಯಾಣವೇ ಹೊತ್ತಿ ಉರಿಯಿತು ಅನ್ನೋದೂ ಅದೇ ಕಥೆಯ ಮುಂದಿನ ಭಾಗ. ಮೆಟ್ಟು ಬೇಕು, ಬೀಗತನ ಬೇಡ.

ಈಗ ಬಹುಪಾಲು ಚರ್ಮ ಹದವಾಗೋದು ಕ್ರೋಮಿಯಂ ಲವಣದಲ್ಲಿ. ವಾರಗಳ ಕೆಲಸ ಒಂದೆರಡು ದಿನಕ್ಕೆ ಮುಗಿಯುತ್ತೆ, ಚರ್ಮವೂ ಮೆತ್ತಗಿರುತ್ತೆ. ಆ ನೀರು ಎಲ್ಲಿಗೆ ಹೋಗುತ್ತೆ ಅನ್ನೋದು ಪ್ರಶ್ನೆ. ಪಾಲಾರ್ ನದಿ ಹುಟ್ಟೋದು ನಮ್ಮ ನಂದಿಬೆಟ್ಟದ ಕಡೆ. ಕೋಲಾರ ದಾಟಿ ತಮಿಳುನಾಡಿಗೆ ಹೋದ ಮೇಲೆ ಅದು ಟ್ಯಾನರಿಗಳ ಸೀಮೆ. ಅಲ್ಲಿನ ಜನ ಸುಪ್ರೀಂ ಕೋರ್ಟಿಗೆ ಹೋದರು. 1996ರ ತೀರ್ಪಿನಲ್ಲಿ ಕೋರ್ಟು, ಮಲಿನ ಮಾಡಿದವರೇ ಅದರ ಬೆಲೆ ತೆರಬೇಕು ಅನ್ನೋದು ಈ ನೆಲದ ಕಾನೂನು ಅಂತ ಹೇಳಿತು, ಟ್ಯಾನರಿಗಳಿಗೆ ತಲಾ 10,000 ರೂಪಾಯಿ ದಂಡವನ್ನೂ ಹಾಕಿತು. ಇವತ್ತು ಒಂದು ಸುಮಾರಾದ ಜಾಕೆಟ್‌ಗೆ ಅಷ್ಟಾಗುತ್ತೆ. ತೊಗಟೆಯಲ್ಲಿ ಹದ ಮಾಡಿದರೂ ಕೊಳೆ ನೀರು ಇದ್ದೇ ಇರುತ್ತೆ. ಶುದ್ಧೀಕರಣಕ್ಕೆ ದುಡ್ಡು ಹಾಕಿದ್ದಾರಾ ಇಲ್ವಾ ಅನ್ನೋದೇ ವ್ಯತ್ಯಾಸ.

ಹಾಗಾದರೆ ಚರ್ಮದ ಸಹವಾಸವೇ ಬೇಡ, ‘ವೀಗನ್ ಲೆದರ್’ ತಗೋ ಅಂತಾನೆ ನನ್ನ ಟೀಮಿನ ಗೆಳೆಯ. ಪ್ರಾಣಿಯ ಮೇಲಿನ ಅವನ ಕರುಣೆ ನಿಜವಾದದ್ದು, ಅದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ‘ಮಾಂಸಕ್ಕೆ ಕೊಂದ ಮೇಲೆ ಉಳಿದದ್ದು ತಾನೇ’ ಅನ್ನುವ ವಾದವೂ ಪೂರ್ತಿ ಸರಿಯಲ್ಲ, ಚರ್ಮದ ದುಡ್ಡೂ ಅದೇ ವ್ಯಾಪಾರಕ್ಕೆ ಸೇರುತ್ತೆ. ಆದರೆ ಆ ಹೆಸರಲ್ಲಿ ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಬಟ್ಟೆಯ ಮೇಲೆ ಬಳಿದ ಪ್ಲಾಸ್ಟಿಕ್. ಕೆಲವೇ ವರ್ಷಕ್ಕೆ ಸಿಪ್ಪೆ ಏಳುತ್ತೆ, ಮಣ್ಣಲ್ಲಿ ಕರಗಲ್ಲ. ಒಂದು ಮೇಕೆ ಚರ್ಮ ಇಪ್ಪತ್ತು ವರ್ಷ ಬಾಳುವ ಕಡೆ ಅಂಥವು ನಾಲ್ಕೈದು ಬೇಕು. ಮಾಂಸ ತಿನ್ನದವನು ಚರ್ಮ ಬೇಡ ಅಂದರೆ ಒಪ್ಪುತ್ತೇನೆ. ಅವನಿಗೆ ದಪ್ಪ ಕ್ಯಾನ್ವಾಸ್ ಬಟ್ಟೆಯ ಜಾಕೆಟ್ ಇದೆ, ಅದೂ ಚೆನ್ನಾಗಿಯೇ ಹಳತಾಗುತ್ತೆ. ನಾನು ಭಾನುವಾರ ಮಟನ್ ಅಂಗಡಿ ಮುಂದೆ ನಿಲ್ಲುವವನು. ಅದರ ಚರ್ಮದ ವಿಷಯಕ್ಕೆ ಮಾತ್ರ ಮೂಗು ಮುಚ್ಚಿಕೊಂಡರೆ ಅದು ಕರುಣೆ ಅನ್ನಿಸಲ್ಲ, ಹಳೇ ಮಡಿಯ ಹೊಸ ರೂಪ ಅನ್ನಿಸುತ್ತೆ.

ಬಾಳಿಕೆಗೆ ಒಂದು ಶರತ್ತೂ ಇದೆ. ಇಪ್ಪತ್ತು ವರ್ಷ ಬಾಳುವ ಜಾಕೆಟ್ ವಾರ್ಡ್‌ರೋಬಿನಲ್ಲೇ ಇದ್ದರೆ ಅದು ವ್ಯರ್ಥವೇ, ನಿಧಾನಕ್ಕೆ ಆಗುವ ವ್ಯರ್ಥ ಅಷ್ಟೆ. ಮಳೆಗಾಲದಲ್ಲಿ ಬೂಷ್ಟು ಬೇರೆ ಹಿಡಿಯುತ್ತೆ. ದಿನಾ ಹಾಕಬೇಕು, ವರ್ಷಕ್ಕೊಮ್ಮೆ ಎಣ್ಣೆ ಕಾಣಿಸಬೇಕು, ಜಿಪ್ ಹೋದರೆ ಜಿಪ್ ಬದಲಿಸಬೇಕು.

ಹಾಗಾಗಿ ನನ್ನ ಆಯ್ಕೆ ಹೀಗೆ: ಮೇಕೆ ಚರ್ಮ, ಫುಲ್ ಗ್ರೇನ್, ಮೇಲೆ ತೆಳು ಬಣ್ಣ, ಕಾರ್ಖಾನೆಯ ಸವಕಲು ಬೇಡ. ಅಂಗಡಿಯವರಿಗೆ ಮೂರು ಪ್ರಶ್ನೆ: ಎಲ್ಲಿ ಹದ ಮಾಡಿದ್ದು? ಹೊಲಿದವರಿಗೆ ಎಷ್ಟು ಕೊಟ್ಟಿರಿ? ಹರಿದರೆ ರಿಪೇರಿ ಮಾಡಿಕೊಡ್ತೀರಾ? ಇಲ್ಲಿಯವರೆಗೆ ಏಳು ಕಡೆ ಕೇಳಿದ್ದೀನಿ. ಮೂರನೆಯದಕ್ಕೆ ಎಲ್ಲರೂ ಉತ್ತರ ಕೊಟ್ಟರು, ಮೊದಲನೆಯದಕ್ಕೆ ಇಬ್ಬರು. ಎರಡನೆಯದನ್ನು ಕೇಳಿದಾಗ ಎಲ್ಲರೂ ನಕ್ಕು ಬೇರೆ ಬಣ್ಣ ತೋರಿಸಿದರು. ಅದಕ್ಕೆ ಉತ್ತರ ಸಿಗುವ ಅಂಗಡಿ ಸಿಕ್ಕ ದಿನ ಕಾರ್ಡ್ ತೆಗೀತೀನಿ.