ತ್ಯಾಗ ಯಾರದ್ದು, ಪುಣ್ಯ ಯಾರಿಗೆ

ವೃದ್ಧಾಶ್ರಮದ ಆಯಾಗಳ ಸಂಬಳದ ಮಾತೆತ್ತಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಇದು ದೇವರ ಕೆಲಸ, ಇಲ್ಲಿ ಲೆಕ್ಕ ನೋಡಬಾರದು. ಆ ಮಾತು ಸುಳ್ಳಲ್ಲ. ಹಾಸಿಗೆ ಹಿಡಿದವರ ಮೈ ಒರೆಸುವುದು, ಮಲಮೂತ್ರ ಬಳಿಯುವುದು, ಅಗಿಯಲಾರದ ಬಾಯಿಗೆ ಗುಟುಕು ಗುಟುಕಾಗಿ ಗಂಜಿ ಹಾಕುವುದು ದೇವರ ಕೆಲಸವಲ್ಲದಿದ್ದರೆ ಇನ್ನಾವುದು? ನನ್ನ ತಕರಾರು ಬೇರೆ. ಒಬ್ಬಳು ಮಾಡಬೇಕಾದ ತ್ಯಾಗವನ್ನು ಇನ್ನೊಬ್ಬರು ನಿಶ್ಚಯಿಸಬಹುದೆ? ಕೊಡುವ ಮುಂಚೆ ಅದು ಕೊಡುವವಳದ್ದಾಗಿರಬೇಕು. ಕೈಗೇ ಬಾರದ ಸಂಬಳವನ್ನು ಅವಳು ಬಿಟ್ಟುಕೊಟ್ಟಳೆಂದು ಹೊಗಳುವುದು ಧರ್ಮವಲ್ಲ.

ಈ ಪ್ರಶ್ನೆಯನ್ನು 12ನೇ ಶತಮಾನದ ಶರಣರು ನಮಗಿಂತ ನಿಷ್ಠುರವಾಗಿ ಎದುರಿಸಿದ್ದರು. ಆಯ್ದಕ್ಕಿ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವನ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ತಂದ ಜಾಗದಲ್ಲೇ ಸುರಿದು ಬರಲು ಹೇಳಿದಳು. ಆ ಅಕ್ಕಿ ಜಂಗಮರ ಎಲೆಗೂ ಹೋಗುವಂಥದ್ದು ಎಂಬುದನ್ನು ನಾವು ಗಮನಿಸುವುದಿಲ್ಲ. ಉದ್ದೇಶ ಎಷ್ಟೇ ಪವಿತ್ರವಾಗಿರಲಿ, ತನ್ನ ಕಾಯಕಕ್ಕೆ ಸಲ್ಲದ್ದು ದಾಸೋಹಕ್ಕೂ ಸಲ್ಲದು ಎಂಬುದು ಅವಳ ನಿಲುವು. ಆಯಾಳ ಕೈಯಲ್ಲಿ ಹನ್ನೆರಡು ಗಂಟೆ ದುಡಿಸಿಕೊಂಡು ಎಂಟು ಗಂಟೆಯ ಕೂಲಿ ಕೊಡುವ ಸಂಸ್ಥೆಯ ದಾಸೋಹದಲ್ಲಿ ಉಳಿದ ನಾಲ್ಕು ಗಂಟೆ ಆ ಹೆಚ್ಚಿನ ಅಕ್ಕಿಯೇ.

ನ್ಯಾಯಾಲಯವೂ ಇದೇ ಗೆರೆಯ ಹತ್ತಿರ ಬಂದಿತ್ತು. 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ಮುಖ್ಯ ತೀರ್ಪು ಬರೆದವರು ವಿ.ಆರ್. ಕೃಷ್ಣ ಅಯ್ಯರ್. ಧರ್ಮಾರ್ಥ ಸಂಸ್ಥೆಯ ಔದಾರ್ಯ ಫಲಾನುಭವಿಗಳಿಗೆ ಸಂಬಂಧಿಸಿದ್ದು, ಸಂಬಳಕ್ಕೆ ದುಡಿಯುವವರಿಗೆ ಕಾರ್ಮಿಕರ ಹಕ್ಕು ತಪ್ಪಿಸಲು ಅದು ನೆಪವಾಗದು ಎಂಬುದು ಅದರ ಸಾರ. ಸ್ವಂತ ಇಚ್ಛೆಯಿಂದ ಸೇವೆಗೆ ನಿಂತವರೇ ನಡೆಸುವ ಆಶ್ರಮಗಳನ್ನು ಆ ತೀರ್ಪು ಹೊರಗಿಟ್ಟಿತು. ನ್ಯಾಯವಾದ ವಿಂಗಡಣೆ ಅದು. ಆದರೆ 2007ರ ಹಿರಿಯ ನಾಗರಿಕರ ಕಾಯ್ದೆಯನ್ನು ನೋಡಿ: ಜಿಲ್ಲೆಗೊಂದರಂತೆ ಆರಂಭಿಸಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ವೃದ್ಧಾಶ್ರಮ ಎಂದು ಅದು ಹೇಳುತ್ತದೆ, ಅವರನ್ನು ನೋಡಿಕೊಳ್ಳುವವರ ಕೆಲಸದ ಗಂಟೆಯ ಬಗ್ಗೆ ಒಂದು ಮಾತಿಲ್ಲ.

ಗೀತೆ ಫಲಾಪೇಕ್ಷೆ ಬಿಡು ಎನ್ನುವುದಿಲ್ಲವೆ ಎಂದು ಕೇಳುವವರಿದ್ದಾರೆ. ಎನ್ನುತ್ತದೆ, ಆದರೆ ಮಾಡುವವನಿಗೆ. ಮಾಡಿಸಿಕೊಳ್ಳುವವನಿಗೆ ಅದು ಕೊಟ್ಟ ರಿಯಾಯಿತಿಯಲ್ಲ. ಪ್ರೀತಿಯನ್ನು ದುಡ್ಡು ಕೊಟ್ಟು ತರಲಾಗದು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ನಿಜ, ಸಂಬಳ ಹೆಚ್ಚಿದ ಮಾತ್ರಕ್ಕೆ ಅಕ್ಕರೆ ಹುಟ್ಟುವುದಿಲ್ಲ. ಆದರೆ ಅಕ್ಕರೆಗೂ ಸಮಯ ಬೇಕು, ಸೊಂಟದಲ್ಲಿ ಕಸುವು ಬೇಕು. ಎದ್ದು ಕೂರಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಮೊದಲು ಕೆಂಪಾಗುತ್ತದೆ, ಆಮೇಲೆ ಒಡೆದು ಹುಣ್ಣಾಗುತ್ತದೆ. ರಾತ್ರಿ ಪಾಳಿಯಲ್ಲಿ ಇಡೀ ಮಹಡಿಗೆ ಒಬ್ಬಳೇ ಇದ್ದರೆ ಅವಳೆಷ್ಟೇ ಪುಣ್ಯವಂತೆಯಾಗಿರಲಿ, ಕೊನೆಯ ಮಂಚ ತಲುಪುವ ಹೊತ್ತಿಗೆ ಮೊದಲ ಮಂಚದವರ ಸರದಿ ಮೀರಿರುತ್ತದೆ. ಅಲ್ಲಿ ಕೊರತೆಯಾದದ್ದು ಪ್ರೀತಿಯಲ್ಲ, ಇನ್ನೊಬ್ಬ ಆಯಾ. ದಣಿದವಳು ಗದರಿದಾಗ ಅವಳ ಸಂಸ್ಕಾರವನ್ನು ದೂರುವ ನಾವು ಅವಳ ಪಾಳಿಯ ಪಟ್ಟಿ ನೋಡುವುದಿಲ್ಲ.

ಉಳಿಯುವುದು ಹಣದ ಪ್ರಶ್ನೆ, ಅದೇ ಎಲ್ಲಕ್ಕಿಂತ ಕಠಿಣವಾದದ್ದು. ಸರಿಯಾದ ಸಂಬಳ ಕೊಟ್ಟರೆ ಬಡವರನ್ನು ಪುಕ್ಕಟೆ ಸಾಕುವ ಎಷ್ಟೋ ಮನೆಗಳು ಬಾಗಿಲು ಹಾಕಬೇಕಾದೀತು ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಭಾರವನ್ನು ಸರ್ಕಾರವೂ ದಾನಿಗಳೂ ಹೊರದೆ, ಇರುವವರಲ್ಲೇ ಅತಿ ಬಡವಳಾದ ಹೆಂಗಸಿನ ಹೆಗಲಿಗೆ ಹಾಕುವುದು ಯಾವ ನ್ಯಾಯ? ದಾನವೇನೂ ನಿಂತಿಲ್ಲ. ಮಗುವಿನ ಹುಟ್ಟುಹಬ್ಬಕ್ಕೆ, ತಂದೆಯ ತಿಥಿಗೆ ವೃದ್ಧಾಶ್ರಮದಲ್ಲಿ ಪಾಯಸದ ಊಟ ಹಾಕಿಸುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ರಸೀದಿ ಪುಸ್ತಕದಲ್ಲಿ ಅನ್ನದಾನಕ್ಕೆ ಒಂದು ಸಾಲಿರುವಂತೆ ರಾತ್ರಿ ಪಾಳಿಯ ಎರಡನೇ ಆಯಾಳ ಸಂಬಳಕ್ಕೂ ಒಂದು ಸಾಲಿರಲಿ. ಪಾಯಸದ ಹಣದಲ್ಲಿ ಅರ್ಧವನ್ನು ಅಲ್ಲಿ ಬರೆಸಲು ದಾನಿಗಳನ್ನು ಕೇಳುವುದು ಆಡಳಿತದವರ ಕೆಲಸ.