ಮೊಂಡ ಚಾಕು ಯಾರ ಕೈ ಕೊಯ್ಯುತ್ತದೆ?

ನಮ್ಮ ಜೇಬಿನಲ್ಲಿ ಒಂದು ಮಡಚೋ ಚಾಕು ಇರುತ್ತದೆ. ಹಗ್ಗ ಕೊಯ್ಯೋದಕ್ಕೆ, ಗೊಬ್ಬರದ ಚೀಲದ ಹೊಲಿಗೆ ಬಿಚ್ಚೋದಕ್ಕೆ, ಈರುಳ್ಳಿ ಹೆಚ್ಚೋದಕ್ಕೆ, ಮಕ್ಕಳ ಪೆನ್ಸಿಲು ಚೂಪು ಮಾಡೋದಕ್ಕೆ. ಇಷ್ಟೇ ಅದರ ಕೆಲಸ. ಆದರೂ ಅದನ್ನು ಕಲ್ಲಿಗೆ ಹಚ್ಚಿ ಮಸೆಯುತ್ತ ಕೂತರೆ ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಾರೆ: 'ಏನ್ರಲಾ, ಯಾರಿಗ್ ಮಸೀತಾ ಇದ್ದೀರ?' ಮಚ್ಚು ಮಸೆಸುವ ಸಾಹುಕಾರನನ್ನು ಹೀಗೆ ಯಾರೂ ಕೇಳುವುದಿಲ್ಲ.

ಕಾನೂನಿಗೆ ಈ ಅನುಮಾನ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮಾಡಿದ ನಿಯಮಗಳು 9 ಅಂಗುಲಕ್ಕಿಂತ ಉದ್ದ ಇಲ್ಲವೆ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ; ಮನೆಗೆಲಸಕ್ಕೆ, ಬೇಸಾಯಕ್ಕೆ, ಕೈಗಾರಿಕೆಗೆ ಮಾಡಿದ್ದನ್ನು ಹೊರಗಿಡುತ್ತವೆ. ಕಾನೂನು ಅಲಗನ್ನು ಅಳೆಯುತ್ತದೆ. ಊರು ಹಿಡಿದವನ ಜಾತಿಯನ್ನು ಅಳೆಯುತ್ತದೆ.

ಹರಿತ ಎಂದರೆ ಹಿಂಸೆ ಎಂದು ಹೇಳಿಕೊಟ್ಟವರು ಯಾರು? ಚಾಕು ಹಿಡಿದು ದುಡಿದವರಂತೂ ಅಲ್ಲ. ದುಡಿದವರಿಗೆ ಗೊತ್ತು, ಕೈ ಕೊಯ್ಯೋದು ಮೊಂಡ ಚಾಕು. ಹರಿತವಾದ ಅಲಗಿನ ಅಂಚು ತೆಳ್ಳಗೆ. ಹಾಕಿದ ಬಲವೆಲ್ಲ ಆ ಗೆರೆಯ ಮೇಲೇ ಬೀಳುವುದರಿಂದ ಹಗುರಕ್ಕೆ ಒತ್ತಿದರೂ ಇಟ್ಟ ಕಡೆ ಇಳೀತದೆ. ಮೊಂಡಾದದ್ದು ಕಚ್ಚುವುದಿಲ್ಲ. ಕಚ್ಚಲಿಲ್ಲ ಅಂತ ನಾವು ಜೋರಾಗಿ ಒತ್ತುತ್ತೇವೆ. ಆಗ ಜಾರಿ, ಹಗ್ಗ ಬಿಟ್ಟು, ಹಿಡಿದ ಬೆರಳಿಗೇ ಬರುತ್ತದೆ.

ನಮ್ಮ ಸಿಟ್ಟೂ ಹೀಗೇ ಅಲ್ಲವೆ? ಹಗಲೆಲ್ಲ ಜಮೀನ್ದಾರನ ಅಂಗಳದಲ್ಲಿ ಬೈಗುಳ ನುಂಗಿ, ಕೂಲಿಯ ಲೆಕ್ಕ ಕೇಳದೆ, ಸಂಜೆ ಹೆಂಡದಂಗಡಿ ಹಾದು ಬಂದವನ ಸಿಟ್ಟು ಎಲ್ಲಿಗೆ ಜಾರುತ್ತದೆ? ಹೆಂಡತಿಯ ಬೆನ್ನಿಗೆ. ಮಕ್ಕಳ ಕೆನ್ನೆಗೆ. ಪಕ್ಕದ ಗುಡಿಸಲಿನ ಅಣ್ಣತಮ್ಮಂದಿರ ಮೇಲೆ. ನಮ್ಮ ಮರ್ಯಾದೆ ಹೋದೀತೆಂದು ಇದನ್ನು ನಾವು ಮುಚ್ಚಿಡುತ್ತ ಬಂದೆವು. ಮುಚ್ಚಿಟ್ಟ ಚಾಕು ತುಕ್ಕು ಹಿಡೀತದೆ. ಅದೇ ಸಿಟ್ಟನ್ನು ಮಸೆದುಕೊಂಡವನು ಕೂಗಾಡುವುದಿಲ್ಲ. ಎಷ್ಟು ದಿನ ದುಡಿದೆ, ಎಷ್ಟು ಬರಬೇಕು ಅಂತ ಬರೆದಿಟ್ಟು ನಾಕು ಜನರ ಎದುರು ಒಂದೇ ಮಾತು ಕೇಳುತ್ತಾನೆ. ಆ ಮಾತು ಇಟ್ಟ ಕಡೆ ಇಳೀತದೆ.

ಮಸೆಯೋದಕ್ಕೆ ಬೇಕಾದದ್ದು ತಾಳ್ಮೆ. ಕಲ್ಲಿಗೆ ನೀರು ಹಾಕಿ, ಅಲಗನ್ನು ಸುಮಾರು 20 ಡಿಗ್ರಿ ಓರೆಗೆ ಇಟ್ಟು, ಆ ಓರೆ ಕದಲದಂತೆ ಎಳೆಯಬೇಕು. ಒಂದು ಬದಿ ಮಸೆದಾಗ ಇನ್ನೊಂದು ಬದಿಗೆ ಕೂದಲೆಳೆಯಷ್ಟು ಉಕ್ಕು ಮಡಚಿಕೊಂಡು ಬೆರಳಿಗೆ ತಗಲುತ್ತದೆ. ತಿರುವಿ ಮಸೆಯಬೇಕು. ಕೊನೆಗೆ ಬೆನ್ನು ಮುಂದಾಗಿ ತೊಗಲಿನ ಮೇಲೆ ಎಳೆದರೆ ಆ ಎಳೆ ಉದುರಿ ಹರಿತ ನಿಲ್ಲುತ್ತದೆ. ಕ್ಷೌರದ ಕತ್ತಿಗೂ ಇದೇ ತೊಗಲಿನ ಪಟ್ಟಿ. ಬ್ಲೇಡು ಬರೋ ಮುಂಚೆ ಊರೊಡೆಯರ ಗದ್ದ ನುಣುಪು ಮಾಡಿದ ಕತ್ತಿ ಹರಿತವಾದದ್ದು ನಮ್ಮವರು ಹದ ಮಾಡಿದ ತೊಗಲಿನ ಮೇಲೆ. ಆ ತೊಗಲು ಯಾರಿಗೂ ಮೈಲಿಗೆಯಾಗಲಿಲ್ಲ. ಹದ ಮಾಡಿದವನ ಗದ್ದ ಮಾತ್ರ ಎಷ್ಟೋ ಊರುಗಳಲ್ಲಿ ಆ ಕತ್ತಿಗೆ ಮೈಲಿಗೆಯಾಯಿತು.

ವರ್ಷಕ್ಕೊಂದು ದಿನ ಆಯುಧಪೂಜೆ ಮಾಡುತ್ತಾರೆ. ಕುಂಕುಮ ಹಚ್ಚಿದರೆ ಅಲಗು ಹರಿತವಾಗುವುದಿಲ್ಲ. ನಾವಾದರೂ ಏನು ಕಮ್ಮಿ? ಏಪ್ರಿಲ್ 14ರಂದು ವೇದಿಕೆ ಮೇಲೆ ಖಡ್ಗ ಝಳಪಿಸಿ 15ಕ್ಕೆ ಮಲಗಿದರೆ ಅದೂ ಆಯುಧಪೂಜೆಯೇ. ಹಾಗಂತ ಸದಾ ಮಸೆಯುತ್ತ ಕೂತರೂ ಕೆಟ್ಟಿತು. ಪ್ರತಿ ಎಳೆತಕ್ಕೂ ಕಲ್ಲು ಒಂದಿಷ್ಟು ಉಕ್ಕು ತಿನ್ನುತ್ತದೆ. ಮಸೆಯೋ ಸದ್ದಿಗೇ ಮರುಳಾದವನ ಕೈಯಲ್ಲಿ ಕೊನೆಗೆ ಉಳಿಯೋದು ಬರೀ ಹಿಡಿ.

ನಸುಕಿನಲ್ಲಿ ಕೊಯ್ಲಿಗೆ ಹೊರಡುವ ನಮ್ಮ ಅವ್ವಂದಿರು ಕುಡುಗೋಲನ್ನು ಕಲ್ಲಿಗೆ ನಾಕು ಸಲ ಎಳೆದು ನಡೆಯುತ್ತಿದ್ದರು. ಅಷ್ಟು ಸಾಕು, ಆದರೆ ದಿನಾ ಬೇಕು. ಯಾರಿಗೆ ಮಸೀತಾ ಇದ್ದೀರ ಅಂತ ಕೇಳಿದವರಿಗೆ ನಮ್ಮ ಉತ್ತರ ಇಷ್ಟು: ಹಗ್ಗ ಕೊಯ್ಯೋದಿದೆ. ನಮ್ಮ ಕೈ ನಾವೇ ಕೊಯ್ದುಕೊಂಡದ್ದು ಸಾಕಾಗಿದೆ.