ನೆನೆಯುವಷ್ಟು ಹೊತ್ತು

ಬೆಳಗಿನ ಐದೂವರೆಗೆ ಅಡುಗೆಮನೆ ದೀಪ ಹಾಕಿದರೆ, ಕಟ್ಟೆಯ ಮೇಲೆ ರಾತ್ರಿಯೇ ಒಣಗಿ ಕೂತ ದೋಸೆಹಿಟ್ಟಿನ ಒಂದು ಹನಿ. ಬರೀ ಬಟ್ಟೆಗೆ ಅದು ಬಗ್ಗುವುದಿಲ್ಲ. ನಾಲ್ಕು ಹನಿ ನೀರು ಬಿಟ್ಟು, ಹಾಲು ಕಾಯಲಿಟ್ಟು ಬರುವಷ್ಟರಲ್ಲಿ ನೆನೆದಿರುತ್ತದೆ. ಆಮೇಲೆ ಒರೆಸಿದರೆ ಅಂಚಿನಿಂದ ಮೆಲ್ಲಗೆ ಬಿಟ್ಟುಕೊಂಡು ಬರುತ್ತದೆ.

ಗುಡಿಸು, ಸಾರಿಸು, ಒರೆಸು, ಉಜ್ಜು, ಬೆಳಗು ಎಂದು ಒಂದೊಂದು ಕೆಲಸಕ್ಕೂ ಒಂದೊಂದು ಮಾತಿಟ್ಟುಕೊಂಡವರು ನಾವು. ಈಗ ಬಣ್ಣದ ಬಾಟಲಿಯಲ್ಲಿ ಏನಿದ್ದರೂ ಸಿಂಪಡಿಸಿ, ‘ಕ್ಲೀನ್ ಆಯಿತು’ ಅಂದುಬಿಡುತ್ತೇವೆ. ಸೋಪುನೀರು ಕೊಳೆ, ಜಿಡ್ಡನ್ನು ಎತ್ತಿ ತೆಗೆಯುತ್ತದೆ. ಅದರ ಜೊತೆಗೇ ರೋಗಾಣುಗಳೂ ಬಹಳಷ್ಟು ಕೊಚ್ಚಿಹೋಗುತ್ತವೆ. ಇದು ಶುಚಿ, ನಿತ್ಯದ ದಿನಗಳಿಗೆ ಬಹುಪಾಲು ಇಷ್ಟೇ ಸಾಕು. ತೊಳೆದ ಮೇಲೆ ಮಗುವಿನ ಹಾಲಿನ ಬಾಟಲಿಯನ್ನು ಐದು ನಿಮಿಷ ಕುದಿಸುತ್ತೇವಲ್ಲ, ಅದು ಸ್ಯಾನಿಟೈಸ್: ಉಳಿದ ಕ್ರಿಮಿಗಳನ್ನು ತೊಂದರೆ ಕೊಡದ ಮಟ್ಟಕ್ಕೆ ಇಳಿಸುವುದು. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದಾಗ ಶೌಚಾಲಯಕ್ಕೆ, ನಲ್ಲಿಯ ತಿರುಪಿಗೆ, ಬಾಗಿಲ ಚಿಲಕಕ್ಕೆ ಬೇಕಾಗುವುದು ಮೂರನೆಯದು, ವೈರಸ್ಸನ್ನೂ ಬಿಡದ ಸೋಂಕುನಿವಾರಣೆ.

ಸೋಪು ಸಾಲದ ಜಾಗವೂ ಇದೆ ಎಂದು ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ 1847ರಲ್ಲೇ ಗೊತ್ತಾಯಿತು. ಶವಪರೀಕ್ಷೆ ಮಾಡಿದ ವೈದ್ಯರು ಸೋಪಿನಿಂದ ಕೈ ತೊಳೆದರೂ ಶವದ ವಾಸನೆ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದರು. ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಅವರಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಬಾಣಂತಿಯರು ಸಾಯುತ್ತಿದ್ದ ಆ ವಾರ್ಡಿನಲ್ಲಿ ಜೂನ್ ಹೊತ್ತಿಗೆ ಸಾವು ಎರಡರ ಆಸುಪಾಸಿಗೆ ಇಳಿಯಿತು. ಎಷ್ಟೊಂದು ತಾಯಂದಿರು! ಇದನ್ನು ನೆನೆದಾಗಲೆಲ್ಲ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಆ ಕ್ಲೋರಿನ್ನಿನ ಬಳಗದ್ದೇ ನಮ್ಮ ಮನೆಯ ಬ್ಲೀಚ್. ಜಿಡ್ಡಿನ ಮೇಲೆ ಸುರಿದರೆ ಅದರ ಕಸುವೆಲ್ಲ ಜಿಡ್ಡಿಗೇ ಖರ್ಚಾಗುತ್ತದೆ. ಹಾಗಾಗಿ ಮೊದಲು ಸೋಪುನೀರು, ಆಮೇಲೆ ಸೋಂಕುನಿವಾರಕ. ಹಾಕಿದ ಕೂಡಲೇ ಒರೆಸುವುದು ನಾವೆಲ್ಲ ಮಾಡುವ ತಪ್ಪು. ಬಾಟಲಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಷ್ಟು ಹೊತ್ತು, ಕೆಲವಕ್ಕೆ ಹತ್ತು ನಿಮಿಷ, ಆ ಜಾಗ ಒದ್ದೆಯಾಗಿಯೇ ಇರಬೇಕು. ದೋಸೆಹಿಟ್ಟಿಗೆ ಕೊಟ್ಟ ಬಿಡುವನ್ನು ಅದಕ್ಕೂ ಕೊಡಬೇಕು.

ಒಂದೇ ಒಂದು ಮಾತು, ದಯವಿಟ್ಟು ನೆನಪಿಡಿ. ಹೆಚ್ಚು ಶುಚಿಯಾಗಲಿ ಎಂದು ಬ್ಲೀಚಿಗೆ ಬಾತ್‌ರೂಮ್ ಆಸಿಡ್ ಬೆರೆಸಬೇಡಿ. ಬೆರೆತರೆ ಏಳುವುದು ಕ್ಲೋರಿನ್ ಅನಿಲ, ಅದು ಉಸಿರನ್ನೇ ಕಟ್ಟಿಸುತ್ತದೆ.